ಗೌರಕ್ಕನ ಎರಡು ಫೋನ್

ಗೌರಕ್ಕನ ಕೈಯಲ್ಲಿ ಯಾವಾಗಲೂ ಎರಡು ಫೋನ್ ಇರುತ್ತಿದ್ದವು. ಎರಡೂ ಒಂದೇ ಬಣ್ಣದವು, ಶಿರಾ ಪೇಟೆಯಲ್ಲಿ ಒಂದೇ ದಿನ ಕೊಂಡ ಅಗ್ಗದ ಮಾಲು. ಹಣೆಗೆ ವಿಭೂತಿ ಎಳೆದುಕೊಂಡು, ಎಡಗೈಯಲ್ಲೊಂದು ಬಲಗೈಯಲ್ಲೊಂದು ಫೋನ್ ಹಿಡಿದು ಅವರು ಮಧುಗಿರಿಯ ಬೀದಿಗಿಳಿದರೆ ಅಂಗಡಿಯವರು 'ಬಂದ್ರಪ್ಪಾ ಎರಡು ಫೋನಮ್ಮ' ಎಂದು ಪಿಸುಗುಟ್ಟಿ ಒಳಗೆ ಕೆಲಸ ಇದ್ದವರಂತೆ ತಿರುಗಿಕೊಳ್ಳುತ್ತಿದ್ದರು. ಗೌರಕ್ಕ ಬಿಡುವವರಲ್ಲ. ಹೂ ಕಟ್ಟುವವಳು, ಸೈಕಲ್ ಪಂಕ್ಚರ್ ಹಾಕುವವನು, ಕ್ಷೌರಕ್ಕೆ ಕೂತು ಅರ್ಧ ಮುಖಕ್ಕೆ ನೊರೆ ಬಳಿಸಿಕೊಂಡವನು, ಎಲ್ಲರ ಮೂಗಿನ ಮುಂದೂ ಆ ಎರಡು ಪರದೆಗಳನ್ನು ಹಿಡಿದು ಒಂದೇ ಮಾತು ಕೇಳುತ್ತಿದ್ದರು: "ಏನಾರ ವ್ಯತ್ಯಾಸ ಕಾಣ್ತದಾ? ನೋಡಿ ಹೇಳಿ."

ಬಹುತೇಕ ಕಾಣುತ್ತಿರಲಿಲ್ಲ. ಪಾವಗಡದ ಬಸ್ ಸ್ಟ್ಯಾಂಡಿನ ಹೂವಿನ ಅಜ್ಜಿ "ರೆಂಡೂ ಒಕಟೇ ಕದಮ್ಮಾ" ಎಂದು ಬೊಚ್ಚುಬಾಯಿ ತೆರೆದು ನಗುತ್ತಿದ್ದಳು. ಶಿರಾದ ಟೀ ಅಂಗಡಿಯ ಸಾಬರು ಕನ್ನಡಕವನ್ನು ಹಣೆಗೇರಿಸಿ ಬಹಳ ಹೊತ್ತು ನೋಡಿ "ದೋನೋ ಏಕೀಚ್ ಹೈ ಅಮ್ಮಾ" ಅನ್ನುತ್ತಿದ್ದರು. ಕೊರಟಗೆರೆ ಬಸ್ಸಿನ ಕಂಡಕ್ಟರ್ ಅಂತೂ ನೋಡುವ ಗೋಜಿಗೇ ಹೋಗದೆ "ಎರಡೂ ಒಂದೇ ಕಣಮ್ಮ, ಚಿಲ್ರೆ ಕೊಡಿ" ಎಂದು ಮುಂದಿನ ಸೀಟಿಗೆ ದಾಟುತ್ತಿದ್ದ. ಅವನ ಉತ್ತರವನ್ನು ಗೌರಕ್ಕ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅಜ್ಜಿಯದನ್ನೂ ಸಾಬರದನ್ನೂ ತೆಗೆದುಕೊಳ್ಳುತ್ತಿದ್ದರು.

ನೋಡಿದವರು ಇದನ್ನು ಹುಚ್ಚು ಅಂದುಕೊಂಡರೆ ತಪ್ಪಿಲ್ಲ, ಆದರೆ ಇದು ಅವರ ನೌಕರಿ. ನನ್ನದೂ ಅದೇ. ಫೋನಿನ ಪರದೆಯ ಒಂದೊಂದು ಚುಕ್ಕೆಗೂ ಯಾವ ಬಣ್ಣ ಬರಬೇಕೆಂದು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ ಇರುತ್ತದೆ. ಅದಕ್ಕೆ ಶೇಡರ್ ಎನ್ನುತ್ತಾರೆ. ಅದನ್ನು ಚಿಪ್‌ಗೆ ಅರ್ಥವಾಗುವಂತೆ ಇಳಿಸಿಕೊಡುವುದು ಕಂಪೈಲರ್. ನಮ್ಮ ಕಂಪನಿ ಅಗ್ಗದ ಫೋನ್‌ಗಳ ಚಿಪ್‌ಗಳಿಗೆ ಈ ಕಂಪೈಲರ್ ಬರೆದುಕೊಡುತ್ತದೆ. ಲೆಕ್ಕವನ್ನು ಮೂವತ್ತೆರಡು ಬಿಟ್‌ನಲ್ಲಿ ಮಾಡಿದರೆ ಸಂಖ್ಯೆಯ ದಶಾಂಶಗಳೆಲ್ಲ ಉಳಿಯುತ್ತವೆ, ಆದರೆ ಚಿಪ್ ದಣಿಯುತ್ತದೆ, ಬ್ಯಾಟರಿ ಇಳಿಯುತ್ತದೆ, ಫೋನ್ ಕಾದ ಕಾವಲಿಯಾಗುತ್ತದೆ. ಹದಿನಾರಕ್ಕೆ ಇಳಿಸಿದರೆ ಕೆಲಸ ಹಗುರ, ಆದರೆ ಸಂಖ್ಯೆಯ ಬಾಲ ಕತ್ತರಿಸಿ ಹೋಗುತ್ತದೆ. ನಮ್ಮ ಮಾತಿನಲ್ಲಿ ಒಂದು ಫುಲ್, ಇನ್ನೊಂದು ಹಾಫ್. ಎಲ್ಲೆಲ್ಲಿ ಹಾಫ್ ಸಾಕು ಎಂಬುದನ್ನು ಕಂಪೈಲರ್ ತಾನೇ ಪತ್ತೆಹಚ್ಚಿ ಕತ್ತರಿ ಹಾಕುವಂತೆ ಮಾಡಿದವರು ಗೌರಕ್ಕ.

ಅವರ ಉಪಾಯ ಸರಳವಾಗಿತ್ತು, ಹಿಂದಿನಿಂದ ನೋಡುವುದು. "ಕೊನೇಗೆ ಪರದೆ ಮೇಲೆ ಬರೋದು ಇಷ್ಟೇ ಇಷ್ಟು ಬಣ್ಣ. ಅದಕ್ಕಿಂತ ನಯವಾಗಿ ಒಳಗೆ ಲೆಕ್ಕ ಹಾಕಿ ಯಾರಿಗೆ ತೋರಿಸ್ಬೇಕು? ಊಟಕ್ಕೆ ಎಷ್ಟು ಜನ ಕೂತವ್ರೆ ನೋಡ್ಕೊಂಡು ಅಕ್ಕಿ ಹಾಕು ಅಷ್ಟೇ," ಎನ್ನುತ್ತಿದ್ದರು. ಹೀಗೆ ಪರದೆಯಿಂದ ಹಿಂದಕ್ಕೆ ನಡೆಯುತ್ತ ದಾರಿಯಲ್ಲಿ ಸಿಕ್ಕ ಲೆಕ್ಕಗಳನ್ನೆಲ್ಲ ಅವರ ಕತ್ತರಿ ಹಾಫ್ ಮಾಡುತ್ತಾ ಹೋಗುತ್ತಿತ್ತು. ಪಾವಗಡದ ಬಿಸಿಲಲ್ಲಿ ಅಗ್ಗದ ಫೋನ್ ಒಮ್ಮೆ ಬಿಸಿಯಾದರೆ ಆರುವುದೇ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು. ದೊಡ್ಡ ಫೋನ್ ಇದ್ದವರ ಚಿಂತೆ ಅವರಿಗಿರಲಿಲ್ಲ. ನಮ್ಮ ಜನರ ಕೈಯ ಫೋನ್ ತಣ್ಣಗಿರಬೇಕು, ಸಂಜೆಯವರೆಗೆ ಚಾರ್ಜ್ ಉಳಿಯಬೇಕು ಎಂಬುದೇ ಅವರ ಹಟವಾಗಿತ್ತು.

ಈ ಅರ್ಧದ ಚಟ ಬದುಕಿಗೂ ಹತ್ತಿತ್ತು. ಅರ್ಧ ಮುದ್ದೆ, ಅರ್ಧ ಲೋಟ ಕಾಫಿ. ಬಸ್ಸಿನಲ್ಲಿ ಅರ್ಧ ಸೀಟಿನ ಮೇಲೆ ಕೂತು ಉಳಿದರ್ಧವನ್ನು ಯಾರಾದರೂ ಬರಲಿ ಎಂದು ಬಿಟ್ಟಿರುತ್ತಿದ್ದರು. ಮದುವೆಯಾಗಿರಲಿಲ್ಲ. ತುಮಕೂರಿನಲ್ಲಿ ಗಣಿತದ ಪಾಠ ಹೇಳುತ್ತಿದ್ದವರು ಈ ಕೆಲಸಕ್ಕೆ ಬಿದ್ದು, ತಾಯಿಯ ಕಾಯಿಲೆಗೆಂದು ಮಧುಗಿರಿಗೆ ಬಂದು, ತಾಯಿ ಹೋದ ಮೇಲೂ ಕೋಟೆಯ ಹತ್ತಿರದ ಆ ಮಹಡಿ ಕೋಣೆಯಲ್ಲೇ ಉಳಿದುಬಿಟ್ಟಿದ್ದರು. ಕಿಟಕಿ ತೆರೆದರೆ ಪೂರ್ತಿ ಬೆಟ್ಟ, ಬೇರೇನೂ ಕಾಣುತ್ತಿರಲಿಲ್ಲ. ಆ ಬೆಟ್ಟದ ಫೋಟೋವೇ ಅವರ ಮೊದಲ ಪರೀಕ್ಷೆ. "ಕೆಂಪು ಹಸ್ರಲ್ಲಿ ಮೋಸ ಮಾಡಿದ್ರೆ ಯಾರಿಗೂ ಗೊತ್ತಾಗಲ್ಲ. ಬೂದಿ ಬಣ್ಣದಲ್ಲಿ ಮಾಡು ನೋಡಾಣ," ಎನ್ನುತ್ತಿದ್ದರು. ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆಗೆ ಕೂತಾಗ ಹೇಗೆ ರೆಪ್ಪೆ ಬಡಿಯದೆ ನೋಡುತ್ತಿದ್ದರೋ ಹಾಗೆಯೇ ಆ ಫೋಟೋಗಳನ್ನೂ ನೋಡುತ್ತಿದ್ದರು.

ನಾನು ಶಿರಾದ ಹುಡುಗಿ, ಹೊಲದ ಮನೆಯವಳು, ಬಾಯಿ ಸ್ವಲ್ಪ ಜೋರು. ಆದರೂ ಕೆಲಸಕ್ಕೆ ಸೇರಿದ ಮೊದಲ ವಾರ ಅವರ ಮುಂದೆ ಬೆಕ್ಕಿನ ಮರಿಯಂತಿದ್ದೆ. ಎರಡು ಫೋನ್ ಮುಂದಿಟ್ಟು ಕೇಳಿದಾಗ ನಾನು ಅವರ ಹುಬ್ಬಿನ ಕಡೆ ಒಮ್ಮೆ ನೋಡಿ "ಒಂದೇ ಥರ ಇವೆ ಮೇಡಂ" ಎಂದೆ.

"ಮೇಡಂ ಬೇಡ, ಅಕ್ಕ ಅನ್ನು. ಇನ್ನೊಂದು ವಿಷಯ, ನನ್ನ ಮುಖ ನೋಡ್ಬೇಡ, ಫೋನ್ ನೋಡು. ನನ್ನ ಖುಷಿ ಮಾಡಾಕೆ ನಿಂಗೆ ಸಂಬ್ಳ ಕೊಡ್ತಾ ಇಲ್ಲ ಕಣಮ್ಮ."

ಅದು ಅವರ ಒಂದೇ ಒಂದು ಕಟ್ಟಳೆ. ಜನ ಉತ್ತರವನ್ನು ಕೇಳಿದವರ ಮುಖದಲ್ಲಿ ಹುಡುಕುತ್ತಾರೆ ಎಂಬುದು ಅವರ ಬಲವಾದ ನಂಬಿಕೆ. ಹಾಗಾಗಿ ಯಾವ ಫೋನ್ ಫುಲ್, ಯಾವುದು ಹಾಫ್ ಎಂಬುದು ಅವರಿಗೇ ಗೊತ್ತಿರಬಾರದು. ನಾನು ತುಂಬಿಸಿಕೊಡಬೇಕು, ಹಿಂಬದಿಯ ಕವರಿನ ಒಳಗೆ ಗುರುತು ಹಾಕಿ ಮುಚ್ಚಬೇಕು, ಎಲ್ಲರನ್ನೂ ಕೇಳಿ ಮುಗಿಸಿ ಮನೆಗೆ ಬಂದ ಮೇಲೆಯೇ ಕವರ್ ಬಿಚ್ಚಬೇಕು. "ನಂಗೆ ಗೊತ್ತಿದ್ರೆ ನನ್ನ ಮುಖ ಹೇಳ್ಬುಡ್ತದೆ. ಬಾಯಿ ಕಟ್ಬೋದು, ಮುಖ ಕಟ್ಟಾಕಾಗಲ್ಲ," ಎಂದು ನನಗೆ ಎಷ್ಟೋ ಸಲ ಹೇಳಿದ್ದಾರೆ. ಒಮ್ಮೆ ನಾನು ಗುರುತು ಹಾಕುವುದನ್ನು ಅವರು ಅಕಸ್ಮಾತ್ ನೋಡಿಬಿಟ್ಟರು ಎಂಬ ಕಾರಣಕ್ಕೆ ಆ ದಿನ ಬೀದಿಗೇ ಇಳಿಯಲಿಲ್ಲ.

ಅವರ ಮುಖ ನೋಡದೆ ಉತ್ತರ ಹೇಳುವವನು ಒಬ್ಬನೇ ಒಬ್ಬ ಇದ್ದ. ಅವರ ತಮ್ಮ ಈಶ.

ಈಶಣ್ಣ ಪಾವಗಡದಲ್ಲಿ ಕಡ್ಲೆಕಾಯಿ ಬಿತ್ತನೆ ಬೀಜದ ಅಂಗಡಿ ಇಟ್ಟಿದ್ದ. ಮೊರದ ತುಂಬ ಬೀಜ ಹರಡಿಕೊಂಡು ಸೊಟ್ಟದ್ದು, ಸುಕ್ಕಿದ್ದು, ಮೂಗು ಮುರಿದದ್ದು ಎಂದು ಆರಿಸಿ ಎಸೆಯುವುದು ಅವನ ದಿನದ ಕೆಲಸ. ಎರಡು ವಾರಕ್ಕೊಮ್ಮೆ ಮಧುಗಿರಿಗೆ ಬಂದರೆ ಅಕ್ಕನ ಮಹಡಿಯಲ್ಲಿ ಚಾಪೆ ಹಾಸಿ ಬಿದ್ದುಕೊಂಡು ಎರಡು ಫೋನನ್ನೂ ಎದೆಯ ಮೇಲಿಟ್ಟುಕೊಂಡು ನೋಡುತ್ತಿದ್ದ. ಅಕ್ಕನ ಮನಸ್ಸಿಗೆ ಹಿಡಿಸುವ ಮಾತು ಅವನ ಬಾಯಲ್ಲಿ ಬಂದದ್ದೇ ಇಲ್ಲ. ಅವರು ವಾರವೆಲ್ಲ ಕೂತು ಮಾಡಿದ್ದನ್ನು ಅವನು ಬೀಜ ಎಸೆದಷ್ಟೇ ಸಲೀಸಾಗಿ ಎಸೆಯುತ್ತಿದ್ದ.

"ಈ ಕಾರ್ ಆಟದಾಗೆ ಆಕಾಶ ನೋಡಕ್ಕ. ಈರುಳ್ಳಿ ಕುಯ್ದಂಗೈತೆ. ಸುತ್ತು ಸುತ್ತು ಗೆರೆ."

ನನಗೆ ಗೆರೆ ಕಂಡಿರಲಿಲ್ಲ. ಶಿರಾದ ಸಾಬರಿಗೂ ಕಂಡಿರಲಿಲ್ಲ. ಅವನು ತೋರಿಸಿದ ಮೇಲೆ ಕಾಣತೊಡಗಿತು. ಒಮ್ಮೆ ಕಂಡ ಮೇಲೆ ಬೇರೇನೂ ಕಾಣದಾಯಿತು. ಗೌರಕ್ಕ ಅವನನ್ನು ಬೈದು, ಬಿಸಿ ಉಪ್ಪೆಸರು ಬಡಿಸಿ, ಅವನು ಬಸ್ ಹತ್ತಿದ ಮೇಲೆ ಮತ್ತೆ ಮೊದಲಿಂದ ಕೂತರು.

ಇನ್ನೊಂದು ಸಲ ಅವನು ಫೋನ್ ಮಾಡಿದ. ಕೆರೆಯ ದೃಶ್ಯ ಇದ್ದ ಒಂದು ಆಟವನ್ನು ಬೆಳಿಗ್ಗೆ ಅಂಗಡಿಯಲ್ಲಿ ಚಾರ್ಜಿಗೆ ಹಾಕಿ ಹಾಗೆಯೇ ಬಿಟ್ಟಿದ್ದನಂತೆ. "ಬೆಳಿಗ್ಗೆ ನೀರು ಚೆನ್ನಾಗ್ ಅಲ್ಲಾಡ್ತಿತ್ತು ಕಣಕ್ಕ. ಸಂಜೆ ನೋಡ್ತೀನಿ, ತೊದಲ್ತೈತೆ. ಒಂದೆಜ್ಜೆ ಇಕ್ಕಾದು, ನಿಂತ್ಕಳಾದು. ನಿನ್ ಕತ್ರಿ ನೀರ್ಗೂ ಬಿತ್ತಾ?"

ಬಿದ್ದಿತ್ತು. ಆಟ ಶುರುವಾದಾಗಿನಿಂದ ಕಳೆದ ಹೊತ್ತನ್ನು ಎಣಿಸುವ ಸಂಖ್ಯೆ ಸಂಜೆಯಾಗುವಷ್ಟರಲ್ಲಿ ದೊಡ್ಡದಾಗಿ ಬೆಳೆದಿತ್ತು, ಹಾಫ್‌ನಲ್ಲಿ ಅಷ್ಟು ದೊಡ್ಡದರ ಪಕ್ಕ ಒಂದು ಕ್ಷಣದಂಥ ಚಿಕ್ಕದು ಉಳಿಯುವುದಿಲ್ಲ. ಅವತ್ತು ಗೌರಕ್ಕ ನನಗೆ ಹೇಳಿಕೊಟ್ಟ ರೀತಿ ಈಗಲೂ ಕಿವಿಯಲ್ಲಿದೆ.

"ನಿಮ್ಮ ಶಿರಾ ಹೈವೇನಾಗೆ ವೇ ಬ್ರಿಡ್ಜ್ ಐತಲ್ಲ, ಲಾರಿ ತೂಗೋದು? ಕಡ್ಲೆಕಾಯಿ ಲೋಡಿಗೆ ಅದು ಚೆನ್ನಾಗೈತೆ. ಈಗ ಡ್ರೈವರ್ ಪಕ್ಕ ಒಂದು ಕೂಸು ಕೂರ್ಸಿ ಲಾರಿ ತೂಗು. ಕೂಸು ಇಳ್ಸಿ ಇನ್ನೊಂದ್ಸಲ ತೂಗು. ಎರಡೂ ಒಂದೇ ತೋರಿಸ್ತದೆ. ಹಂಗಂತ ಕೂಸಿಗೆ ತೂಕನೇ ಇಲ್ಲ ಅನ್ನಾಕಾಯ್ತದಾ?"

ಹೊತ್ತನ್ನು ಎಣಿಸುವ ಸಂಖ್ಯೆಗೆ ಹಾಫ್ ಕೂಡದು ಎಂದು ಕಂಪೈಲರ್‌ನಲ್ಲಿ ಹೊಸ ನಿಯಮ ಬಂತು. ನೀರು ಸರಿಹೋಯಿತು. ಅದೊಂದನ್ನು ಸರಿಮಾಡಿ ನಾವಿಬ್ಬರೂ ಕೈತೊಳೆದುಕೊಂಡೆವು. ದೊಡ್ಡ ಸಂಖ್ಯೆಗಳು ಇನ್ನೆಲ್ಲೆಲ್ಲಿ ಬರಬಹುದು ಎಂದು ಆಗಲೇ ಕೂತು ಯೋಚಿಸಬೇಕಿತ್ತು. ನಮ್ಮ ಪರೀಕ್ಷೆಯ ಚಿತ್ರಗಳಲ್ಲಿ ಆಟಗಳಿದ್ದವು, ಬೆಟ್ಟವಿತ್ತು, ಯಾರದೋ ಮದುವೆಯ ಫೋಟೋಗಳಿದ್ದವು. ಅಂಥ ಸಂಖ್ಯೆ ಅವುಗಳಲ್ಲಿ ಬರುತ್ತಿರಲಿಲ್ಲ. ಆ ಕಂಪೈಲರ್ ಹೊತ್ತ ಫೋನ್‌ಗಳು ಊರೂರಿಗೆ ಹೋದವು.

ಮುಂದಿನ ಸುಗ್ಗಿಯಲ್ಲಿ ಈಶಣ್ಣನಿಗೆ ಕೆಮ್ಮು ಹತ್ತಿತು. ಬೀಜದ ಧೂಳು ಕುಡಿಯುವವರಿಗೆ ಕೆಮ್ಮು ಹೊಸದೇನಲ್ಲ. ಅಕ್ಕನ ಕಾಟಕ್ಕೆ ಪಾವಗಡದಲ್ಲೇ ಎಕ್ಸ್‌ರೇ ತೆಗೆಸಿದ. ಈಗ ಫಿಲ್ಮ್ ಯಾರು ತೊಳೆಯುತ್ತಾರೆ? ಚಿತ್ರ ನೇರವಾಗಿ ಡಾಕ್ಟರ ಫೋನಿಗೆ ಹೋಗುತ್ತದೆ. ಆ ಡಾಕ್ಟರು ಒಳ್ಳೆಯವರೇ, ಬೆಳಿಗ್ಗೆಯಿಂದ ನಿಂತು ಸಾಲುಗಟ್ಟಿದ ಜನರನ್ನು ನೋಡುವವರು. ಫೋನ್ ತೆರೆದು, ಬೆರಳಲ್ಲಿ ಚಿತ್ರ ಹಿಗ್ಗಿಸಿ, ಅತ್ತಿತ್ತ ಸರಿಸಿ, "ಏನೂ ಇಲ್ಲಪ್ಪ, ಎದೆ ಕ್ಲಿಯರ್ ಐತೆ, ಧೂಳಿನ ಅಲರ್ಜಿ" ಎಂದು ಸಿರಪ್ ಬರೆದುಕೊಟ್ಟರು. ಗೌರಕ್ಕನಿಗೆ ನಿರಾಳವಾಯಿತು. ಆ ದಿನ ಪೂರ್ತಿ ಲೋಟ ಕಾಫಿ ಕುಡಿದರು, ನಾನು ಅದಕ್ಕೆ ಅವರನ್ನು ಗೇಲಿ ಮಾಡಿದೆ.

ಮಳೆಗಾಲ ಶುರುವಾಗುವಷ್ಟರಲ್ಲಿ ಕೆಮ್ಮಿನ ಜೊತೆ ರಕ್ತ ಬಂತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಶ್ವಾಸಕೋಶದಲ್ಲಿ ಹುಟ್ಟಿದ್ದು ಆಗಲೇ ಬೆನ್ನುಮೂಳೆಗೆ ಇಳಿದಿತ್ತು. ಅಲ್ಲಿನ ಡಾಕ್ಟರು ಹಳೆಯ ಎಕ್ಸ್‌ರೇ ಇದೆಯೇ ಎಂದು ಕೇಳಿ ಫೈಲ್ ತರಿಸಿ ತಮ್ಮ ದೊಡ್ಡ ಕಂಪ್ಯೂಟರಿನಲ್ಲಿ ತೆರೆದರು. ಪಕ್ಕದಲ್ಲಿ ನಿಂತಿದ್ದ ಗೌರಕ್ಕನಿಗೆ ಪೆನ್ನಿನ ತುದಿಯಿಂದ ತೋರಿಸಿ, "ಇಲ್ಲೇ ಇತ್ತಲ್ಲಮ್ಮ, ಆಗಲೇ. ಯಾರೂ ನೋಡಲಿಲ್ವಾ?" ಎಂದರಂತೆ. ಎದೆಗೂಡಿನ ಮೇಲ್ಭಾಗದಲ್ಲಿ, ಬಿಳಿಚು ಬೂದಿಯ ಮೇಲೆ ಇನ್ನೊಂದು ತುಸು ಬಿಳಿಚಾದ ಬೂದಿ. ಹುಣಿಸೆ ಬೀಜದಷ್ಟು.

ಅಲ್ಲಿಂದ ಬಂದವರು ನನಗೆ ಏನೂ ಹೇಳಲಿಲ್ಲ. ಮಹಡಿ ಹತ್ತಿ, ಲ್ಯಾಪ್‌ಟಾಪ್ ತೆರೆದು, ಪಾವಗಡದ ಡಾಕ್ಟರು ಬಳಸುತ್ತಿದ್ದ ಆ್ಯಪ್ ಯಾವುದೆಂದು ಕೇಳಿ ತಿಳಿದುಕೊಂಡು, ಎರಡೂ ಫೋನಿಗೆ ಹಾಕಿದರು. ಒಂದರಲ್ಲಿ ಕತ್ತರಿ ಇಲ್ಲ, ಇನ್ನೊಂದರಲ್ಲಿ ಇದೆ. ಡಾಕ್ಟರ ಫೋನಿನಲ್ಲಿದ್ದದ್ದೂ ನಮ್ಮ ಕಂಪೈಲರೇ. ನಮ್ಮ ಕಡೆ ಅಗ್ಗದ ಫೋನ್ ಅಂದರೆ ಹೆಚ್ಚುಕಡಿಮೆ ಅದೇ. ಈಶಣ್ಣನ ಎದೆಯ ಚಿತ್ರವನ್ನು ಎರಡರಲ್ಲೂ ತೆರೆದು ಮೇಜಿನ ಮೇಲಿಟ್ಟು ನನ್ನನ್ನು ಕರೆದರು.

"ಮಂಜಿ, ಬಾ ಇಲ್ಲಿ. ಏನಾರ ವ್ಯತ್ಯಾಸ ಕಾಣ್ತದಾ?"

ನಾನು ಅವರ ಮುಖ ನೋಡಲಿಲ್ಲ. ಫೋನ್ ನೋಡಿದೆ. ಎಡಗಡೆಯದರಲ್ಲಿ ಹುಣಿಸೆ ಬೀಜ ಇತ್ತು. ಬಲಗಡೆಯದರಲ್ಲಿ ಆ ಜಾಗ ನುಣ್ಣಗೆ, ಶುಭ್ರವಾಗಿ, ಸುತ್ತಲಿನದರ ಜೊತೆ ಒಂದಾಗಿತ್ತು. "ಕಾಣುತ್ತೆ ಅಕ್ಕ" ಎಂದೆ. ಯಾಕೆ ಕೇಳುತ್ತಿದ್ದಾರೆಂದು ಆಗ ಇನ್ನೂ ಗೊತ್ತಿರಲಿಲ್ಲ.

ಕಂಪೈಲರ್ ಹೊರಹಾಕಿದ ಕೋಡನ್ನು ಇಬ್ಬರೂ ಕೂತು ಓದಿದೆವು. ಎಕ್ಸ್‌ರೇಯ ಮೂಲ ಸಂಖ್ಯೆಗಳು ಬಹಳ ದೊಡ್ಡವು. ಡಾಕ್ಟರು ಬೆರಳಲ್ಲಿ ಬೆಳಕು ಹೊಂದಿಸಿದಾಗ ಶೇಡರ್ ಆ ದೊಡ್ಡ ಸಂಖ್ಯೆಯಿಂದ ಇನ್ನೊಂದು ದೊಡ್ಡ ಸಂಖ್ಯೆಯನ್ನು ಕಳೆಯುತ್ತದೆ, ಉಳಿದ ಚಿಕ್ಕದನ್ನು ಹಿಗ್ಗಿಸಿ ಬೂದಿ ಬಣ್ಣವಾಗಿ ತೋರಿಸುತ್ತದೆ. ಆ ಚಿಕ್ಕದರಲ್ಲೇ ಎಲ್ಲ ಇರುವುದು. ಪರದೆಯಿಂದ ಹಿಂದಕ್ಕೆ ನಡೆದ ಗೌರಕ್ಕನ ಕತ್ತರಿ, ಕೊನೆಗೆ ಬೇಕಾದದ್ದು ಇಷ್ಟೇ ಬಣ್ಣ ಎಂದುಕೊಂಡು, ಕಳೆಯುವ ಮುಂಚಿನ ಸಂಖ್ಯೆಗಳನ್ನೇ ಹಾಫ್ ಮಾಡಿತ್ತು. ಅಕ್ಕಪಕ್ಕದ ಸಂಖ್ಯೆಗಳೆಲ್ಲ ಒಂದೇ ಆಗಿಬಿಟ್ಟಿದ್ದವು. ನಾನು ಆ ಸಾಲಿನ ಮೇಲೆ ಬೆರಳಿಟ್ಟೆ. ಗೌರಕ್ಕ ಅದನ್ನೇ ಮತ್ತೊಮ್ಮೆ ಓದಿದರು.

"ಕೂಸನ್ನ ಲಾರೀಲಿ ತೂಗ್ಬುಟ್ಟೆ ಕಣಮ್ಮ," ಎಂದರು ಆಮೇಲೆ.

ನಾನು ಜಗಳಕ್ಕೇ ಬಿದ್ದೆ. ಆ ಡಾಕ್ಟರು ಫೋನಿನಲ್ಲಿ ಯಾಕೆ ನೋಡಬೇಕಿತ್ತು ಎಂದೆ. ಆ್ಯಪ್ ಬರೆದವರು ಪರೀಕ್ಷೆ ಮಾಡಬೇಕಿತ್ತು ಎಂದೆ. ಆಗಲೇ ಗೊತ್ತಾಗಿದ್ದರೆ ಉಳಿಯುತ್ತಿದ್ದ ಎಂದು ಬೆಂಗಳೂರಿನವರೇನು ಬರೆದುಕೊಟ್ಟಿದ್ದಾರಾ ಎಂದೂ ಕೂಗಾಡಿದೆ. ಅವರು ಎಲ್ಲಕ್ಕೂ ತಲೆಯಾಡಿಸಿ, ಕತ್ತರಿಯನ್ನು ಸರಿಪಡಿಸುವ ಕೋಡ್ ಬರೆಯಲು ಕೂತರು. ನಿಜ ಹೇಳುತ್ತೇನೆ, ನನಗೆ ಆ ಘಳಿಗೆಯಲ್ಲಿ ಅವರ ಮೇಲೂ ಸಿಟ್ಟು ಬಂತು. ಒಮ್ಮೆಯಾದರೂ ಜೋರಾಗಿ ಅಳಬಾರದೇ ಅನ್ನಿಸಿತು.

ಕಂಪನಿಯವರ ಜೊತೆ ಮಾತುಕತೆ ನಡೆಯಿತು. ಮೇಲಿನವನು ನಯವಾಗಿಯೇ ಹೇಳಿದ, ರೋಗ ಪತ್ತೆಗೆ ಫೋನ್ ಬಳಸಬಾರದೆಂದು ಆ ಆ್ಯಪ್‌ನಲ್ಲೇ ಬರೆದಿದೆಯಲ್ಲ ಎಂದು. ಗೌರಕ್ಕ ಮೊದಲ ಬಾರಿಗೆ ಕಂಪನಿಯ ಮೀಟಿಂಗಿನಲ್ಲಿ ಊರಿನ ಕನ್ನಡ ಮಾತಾಡಿದರು. "ನಮ್ ಪಾವಗಡದಾಗೆ ಇನ್ಯಾವುದ್ರಾಗೆ ನೋಡ್ತಾರೆ ಸಾರ್? ಐ.ಡಿ. ಹಳ್ಳೀಲಿ ಯಾವುದ್ರಾಗೆ ನೋಡ್ತಾರೆ?" ಅವನಿಗೆ ಕನ್ನಡ ಬರುತ್ತಿರಲಿಲ್ಲ. ಕೊನೆಗೆ ತಿದ್ದುಪಡಿ ಒಪ್ಪಿದರು. ಆಟಗಳು ಒಂದಿಷ್ಟು ನಿಧಾನವಾಗುತ್ತವೆ ಎಂದು ಗೊಣಗಿ ಒಪ್ಪಿದರು. ಆದರೆ ಅದು ಹೋಗುವುದು ಹೊಸ ಫೋನ್‌ಗಳಿಗೆ. ಮಾರಿ ಮುಗಿದ ಅಗ್ಗದ ಫೋನಿಗೆ ಅಪ್‌ಡೇಟ್ ಕಳಿಸುವವರು ಯಾರೂ ಇಲ್ಲ. ಡಾಕ್ಟರುಗಳ ಜೇಬಿನಲ್ಲಿದ್ದವು ಹಾಗೆಯೇ ಉಳಿದವು.

ಈಶಣ್ಣನನ್ನು ಪಾವಗಡದ ಮನೆಗೆ ಕರೆತಂದಿದ್ದರು. ಒಂದು ಭಾನುವಾರ ಮಧ್ಯಾಹ್ನ ನಾನೂ ಗೌರಕ್ಕನೂ ಹೋದೆವು. ಬಸ್ಸಿನಲ್ಲಿ ಉದ್ದಕ್ಕೂ ಸೋಲಾರ್ ಪ್ಯಾನೆಲ್‌ಗಳ ಹೊಳಪು ಕಣ್ಣಿಗೆ ಚುಚ್ಚುತ್ತಿತ್ತು. ಗೌರಕ್ಕ ಅವತ್ತು ಅರ್ಧ ಸೀಟಿನ ಮೇಲೆ ಕೂತಿರಲಿಲ್ಲ, ಕಿಟಕಿಗೆ ಒರಗಿ ಪೂರ್ತಿ ಸೀಟಿನ ಮೇಲೆ ಕುಸಿದಿದ್ದರು. ಮಡಿಲಲ್ಲಿ ಎರಡು ಫೋನ್ ಇದ್ದವು.

ಈಶಣ್ಣ ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದ. ಗುರುತು ಸಿಗದಷ್ಟು ಇಳಿದಿದ್ದ. ಹೆಂಡತಿ ಮಂಗಳಕ್ಕ ಮಜ್ಜಿಗೆ ಕೊಟ್ಟು ಒಳಗೆ ಹೋದಳು. ಅವನೇ ಮೊದಲು ಮಾತಾಡಿದ.

"ಏನಕ್ಕ, ಕತ್ರಿ ಎಂಗೈತೆ? ಕೊಡು ಇಲ್ಲಿ, ನೋಡಿ ಭಾಳ ದಿನ ಆಯ್ತು."

ಗೌರಕ್ಕ ಎರಡು ಫೋನನ್ನೂ ಅವನ ಕೈಗಿಟ್ಟರು. ಎರಡರಲ್ಲೂ ಅವನದೇ ಎದೆಯ ಚಿತ್ರವಿತ್ತು. ಯಾವುದು ಯಾವುದೆಂದು ಅವರಿಗೆ ಅವತ್ತು ಚೆನ್ನಾಗಿ ಗೊತ್ತಿತ್ತು. ಗುರುತು ಹಾಕಲು ನನ್ನನ್ನು ಕೇಳಿರಲೇ ಇಲ್ಲ. ಬಸ್ಸಿನಲ್ಲಿ ಬರುವಾಗಲೇ ನನಗೆ ಹೇಳಿದ್ದರು, "ಬಾಯಿ ಬುಟ್ಟು ಹೇಳಾಕೆ ನಂಗಾಗಲ್ಲ ಕಣಮ್ಮ. ತೋರಿಸ್ತೀನಿ. ಅವ್ನಿಗೆ ಕಾಣ್ತದೆ. ಕಂಡ್ರೆ ಕೇಳ್ತಾನೆ, ಕೇಳಿದ್ರೆ ಹೇಳ್ತೀನಿ."

"ಇದು ನಂದಾ?" ಎಂದ ಈಶಣ್ಣ.

"ಹ್ಞೂಂ. ಅವತ್ತು ಪಾವಗಡದಲ್ಲಿ ತೆಗೆದಿದ್ದು. ಒಂದು ನನ್ನ ಕತ್ರಿ ಬಿದ್ದಿದ್ದು. ಏನಾರ ವ್ಯತ್ಯಾಸ ಕಾಣ್ತದಾ, ನೋಡಿ ಹೇಳು."

ಅವನು ಎಂದಿನಂತೆ ಎರಡನ್ನೂ ಎದೆಯ ಮೇಲಿಟ್ಟುಕೊಂಡ. ಕಿಟಕಿಯ ಬೆಳಕು ಬೀಳದಂತೆ ತುಸು ವಾಲಿಸಿದ. ಬಹಳ ಹೊತ್ತಾಯಿತು. ಒಳಗೆ ಮಂಗಳಕ್ಕ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಕೊನೆಗೆ ತಲೆಯೆತ್ತಿ ಅಕ್ಕನ ಕಡೆ ತಿರುಗಿ ಹೇಳಿದ:

"ಎರಡೂ ಒಂದೇ ಕಣಕ್ಕ. ಏನೂ ವ್ಯತ್ಯಾಸ ಇಲ್ಲ. ಚೆನ್ನಾಗ್ ಮಾಡಿದ್ದೀಯ, ಬುಡು."

ಗೌರಕ್ಕ ಫೋನ್‌ಗಳನ್ನು ತೆಗೆದುಕೊಂಡು ಚೀಲಕ್ಕೆ ಹಾಕಿದರು. ಎಷ್ಟೋ ಜನರಿಗೆ ಹೇಳಿದಂತೆ "ಸರಿ" ಎಂದರು. ನಾನು, ನೋವಿನ ಔಷಧಿಯ ಮಂಪರಿನಲ್ಲಿ ಅವನ ಕಣ್ಣು ಮಂಜಾಗಿರಬೇಕು ಅಂದುಕೊಂಡೆ. ಒಂದು ರೀತಿ ಸಮಾಧಾನವೂ ಆಯಿತು, ತಿಳಿಯದೆ ಹೋಗುತ್ತಾನಲ್ಲ ಎಂದು. ಸಂಜೆಯ ಬಸ್ಸಿಗೆ ವಾಪಸಾದೆವು. ಈಶಣ್ಣ ದೀಪಾವಳಿಗೆ ಮುಂಚೆಯೇ ಹೋಗಿಬಿಟ್ಟ.

ಮಣ್ಣು ಮಾಡಿ ಬಂದ ಮೇಲೆ ಗೌರಕ್ಕ ಕೆಲಸ ಬಿಟ್ಟರು. ಬಿಟ್ಟ ಮೇಲೂ ಕೆಲವು ತಿಂಗಳು ಅವೇ ಎರಡು ಫೋನ್ ಹಿಡಿದು ತಿರುಗಿದರು. ಈ ಸಲ ಡಾಕ್ಟರುಗಳ ಬಾಗಿಲಿಗೆ. ಮಧುಗಿರಿ, ಕೊರಟಗೆರೆ, ಐ.ಡಿ. ಹಳ್ಳಿ, ಆಚೆ ನಿಡುಗಲ್ ದಿಕ್ಕಿನ ಚಿಕ್ಕ ಕ್ಲಿನಿಕ್ಕುಗಳವರೆಗೆ. ರೋಗಿಗಳ ಸಾಲಿನಲ್ಲಿ ಚೀಟಿ ತೆಗೆದುಕೊಂಡು ಕೂತು, ಸರದಿ ಬಂದಾಗ ಒಳಗೆ ಹೋಗಿ ಎರಡು ಎದೆಯ ಚಿತ್ರಗಳನ್ನು ಮುಂದೆ ಹಿಡಿಯುತ್ತಿದ್ದರು. ಕೆಲವರು "ಅರ್ರೆ, ಹೌದಲ್ಲ!" ಎಂದು ಬೆಚ್ಚಿ ಕಂಪ್ಯೂಟರ್ ತರಿಸಿದರು. ಕೆಲವರು "ಆಯ್ತಮ್ಮ, ನೋಡಾಣ" ಎಂದು ಮುಂದಿನ ಚೀಟಿಯವರನ್ನು ಕರೆದರು. ಪಾವಗಡದ ಆ ಡಾಕ್ಟರು ಮಾತ್ರ ಚಿತ್ರ ನೋಡಿ, ಹೆಸರು ಓದಿ, ಕುರ್ಚಿಯಿಂದ ಎದ್ದು ನಿಂತರಂತೆ. ಅವರ ಮುಂದೆ ಗೌರಕ್ಕನೇ ಕೈಮುಗಿದು ಹೊರಗೆ ಬಂದರಂತೆ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಪಾವಗಡದ ಬೀಜದ ಅಂಗಡಿಯಲ್ಲಿ. ಮಧುಗಿರಿಯ ಮಹಡಿ ಖಾಲಿ ಮಾಡಿ, ತಮ್ಮನ ಜಾಗದಲ್ಲಿ, ತಮ್ಮನ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಜ ಆರಿಸುತ್ತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಕೈಯಲ್ಲಿ ಒಂದು ಫೋನೂ ಇರಲಿಲ್ಲ. ನನಗೆ ಪೂರ್ತಿ ಲೋಟ ಟೀ ತರಿಸಿದರು, ತಮಗೆ ತರಿಸಿಕೊಳ್ಳಲಿಲ್ಲ. ನಾನು ಕೆಲಸದ ಮಾತು, ಬೀದಿಯ ಮಾತು ಎಲ್ಲ ಹೇಳಿದೆ. ಸಾಬರು ಕೇಳುತ್ತಿದ್ದಾರೆ, ಎರಡು ಫೋನಮ್ಮ ಎಲ್ಲಿ ಎಂದು. ಅವರು ನಕ್ಕಂತೆ ಮಾಡಿದರು. ಸುಮ್ಮನಿರಲಾರದೆ ನಾನು ಸಮಾಧಾನದ ಮಾತಿಗೆ ಕೈಹಾಕಿದೆ.

"ಈಶಣ್ಣಂಗೆ ಕೊನೇವರ್ಗೂ ಗೊತ್ತಾಗ್ಲಿಲ್ಲವಲ್ಲ ಅಕ್ಕ. ಅದೊಂದು ಪುಣ್ಯ ಅಂದ್ಕೊಳ್ಳಿ."

ಮೊರದ ಮೇಲೆ ಆಡುತ್ತಿದ್ದ ಬೆರಳು ನಿಂತಿತು.

"ಬೈದಿದ್ರೆ ಬದುಕ್ಕೊತಿದ್ದೆ ಕಣಮ್ಮ," ಎಂದರು. "ಒಂದೇ ಒಂದ್ಸಲ ಬೈದಿದ್ರೆ ಸಾಕಾಗಿತ್ತು. ಹುಟ್ಟಿದಾಗ್ಲಿಂದ ನಂಗೆ ಸುಳ್ಳು ಹೇಳ್ದೋನಲ್ಲ. ಆಕಾಶದ ಗೆರೆ ಕಂಡೋನಿಗೆ ತನ್ ಎದೇಲಿರೋದು ಕಾಣಲ್ವಾ?"

ಅವರು ಒಂದು ಸುಕ್ಕಿದ ಬೀಜ ಎತ್ತಿ ಬೀದಿಗೆ ಎಸೆದರು.

"ಅವತ್ತು ಅವ್ನು ಫೋನ್ ನೋಡಿ ಹೇಳ್ಲಿಲ್ಲ ಕಣೇ ಮಂಜಿ. ನನ್ನ ಮುಖ ನೋಡಿ ಹೇಳ್ಬುಟ್ಟ."